ಘಟ್ಟ ಹತ್ತಿದ ಮಲ್ಲಿಗೆ

ಮಲೆನಾಡಿನ ಮಣ್ಣಿನಲ್ಲಿ ಕೋಲು ನೆಟ್ಟರೂ ಚಿಗುರುತ್ತದೆಂಬುದು ಪಟ್ಟಣಿಗರ ನಂಬಿಕೆ. ಮಳೆಗಾಲದ ಮಟ್ಟಿಗೆ ಅದು ಪೂರ್ತಿ ಸುಳ್ಳಲ್ಲ. ಡೇರೆ ಹೂವಿನ ವೈಭವವನ್ನು ಕಾಣಬೇಕಾದರೆ ಶ್ರಾವಣದಲ್ಲಿ ಸಾಗರ ಸೀಮೆಯ ಮನೆಯಂಗಳಗಳಿಗೇ ಬರಬೇಕು. ಆದರೆ ಕಾರ್ತಿಕ ಕಳೆದು ಮಾರ್ಗಶಿರ ಕಾಲಿಟ್ಟಿತೆಂದರೆ ಆ ನಂಬಿಕೆಯ ಮೇಲೆ ಇಬ್ಬನಿ ಕವಿಯುತ್ತದೆ. ಹಿಮ ಬೀಳುವ ನಾಡಿನವರು ಇಲ್ಲಿಯ ಚಳಿಯನ್ನು ಚಳಿಯೆಂದೇ ಒಪ್ಪಲಾರರು. ಆದರೂ ಮಲ್ಲಿಗೆ, ದಾಸವಾಳ, ಅಬ್ಬಲಿಗೆಗಳಂಥ ಬಿಸಿಲನಾಡಿನ ಗಿಡಗಳು ಮುದುಡಲು ಅಷ್ಟೇ ಸಾಕು.

ಸಾಗರದ ಸಮೀಪದ ವರದಹಳ್ಳಿಯಲ್ಲಿ ಈ ಮಾತಿಗೆ ಹೆಚ್ಚಿನ ತೂಕವುಂಟು. 1908ರ ದತ್ತ ಜಯಂತಿಯಂದು ಜನಿಸಿ, 1973ರಲ್ಲಿ ಇಲ್ಲಿಯೇ ದೇಹವಿಟ್ಟ ಶ್ರೀಧರ ಸ್ವಾಮಿಗಳ ಆಶ್ರಮವಿರುವ ಊರದು. ದತ್ತ ಜಯಂತಿ ಬರುವುದು ಮಾರ್ಗಶಿರದ ಹುಣ್ಣಿಮೆಗೆ. ಹೂವು ಹೆಚ್ಚಾಗಿ ಬೇಕೆನಿಸುವ ಹೊತ್ತಿಗೇ ಮಲ್ಲಿಗೆ ಕೈಬಿಡುತ್ತದೆ.

ಇಂಥ ಊರಿಗೆ ಕರಾವಳಿಯಿಂದ ಸೊಸೆಯೊಬ್ಬಳು ಬಂದಳೆನ್ನೋಣ. ಹೊನ್ನಾವರ, ಭಟ್ಕಳಗಳ ಕಡೆಯ ಹೆಣ್ಣಿಗೆ ಮಲ್ಲಿಗೆಯಿಲ್ಲದ ಅಂಗಳವು ಅಂಗಳವಲ್ಲ. ತವರಿನಿಂದ ತಂದ ಗೆಲ್ಲು ಕುಂಡದಲ್ಲಿ ಬೇರು ಬಿಟ್ಟು, ಮಳೆಗಾಲವನ್ನು ಸೂರಿನಡಿಯಲ್ಲಿ ಹೇಗೋ ಕಳೆಯುತ್ತದೆ. ಚಳಿ ಬಂದೊಡನೆ ಎಲೆ ಹಳದಿಯಾಗಿ ಒಂದೊಂದೇ ಉದುರತೊಡಗುತ್ತದೆ. ಆಕೆ ಗಾಬರಿಗೊಂಡು ಎರಡು ಹೊತ್ತೂ ನೀರೆರೆಯುತ್ತಾಳೆ. ಬೊಗಸೆ ತುಂಬ ಗೊಬ್ಬರವಿಕ್ಕುತ್ತಾಳೆ. ಎಲೆ ಇನ್ನಷ್ಟು ಉದುರುತ್ತದೆ. ಆಗ ಅತ್ತೆ ಹೇಳುವ ಮಾತು ಒಂದೇ: “ಅದಕ್ಕೆ ಬಾಯಾರಿಕೆಯಲ್ಲ ತಂಗೀ, ನಿದ್ದೆ.”

ತೋಟಗಾರಿಕೆಯ ಶಾಸ್ತ್ರವೂ ಬೇರೆ ಹೇಳುವುದಿಲ್ಲ. ಮಣ್ಣು ತಣ್ಣಗಾದಾಗ ಬೇರಿನ ಕೆಲಸ ನಿಧಾನವಾಗುತ್ತದೆ. ಅದು ಹೀರಲಾರದ ನೀರು ಕುಂಡದಲ್ಲಿಯೇ ನಿಂತು ಬೇರನ್ನು ಕೊಳೆಯಿಸುತ್ತದೆ. ಹೀಗೆ ಚಳಿಯಿಂದ ಸಾಯುವ ಗಿಡಗಳಿಗಿಂತ ಆರೈಕೆಯಿಂದ ಸಾಯುವ ಗಿಡಗಳೇ ಹೆಚ್ಚೇನೋ! ಮೇಲ್ಮಣ್ಣು ಒಣಗಿದ ಮೇಲೆಯೇ, ಅದೂ ಬಿಸಿಲೇರಿದ ಹೊತ್ತಿನಲ್ಲಿ, ಮಿತವಾಗಿ ನೀರು ಕೊಡಬೇಕು. ಬುಡಕ್ಕೆ ತರಗೆಲೆಯ ಹೊದಿಕೆ ಬೇಕು. ಗೊಬ್ಬರವು ಹೊಸ ಚಿಗುರು ಕಾಣುವವರೆಗೆ ಕಾಯಲಿ. ದಾಸವಾಳಕ್ಕೆ ಈಗ ಕತ್ತರಿ ಹಾಕಿದರೆ ಮೂಡುವ ಎಳೆಚಿಗುರು ಚಳಿಗೆ ಸಿಕ್ಕಿ ಸೊರಗುತ್ತದೆ. ಅದನ್ನೂ ಮುಂದೂಡುವುದು ಲೇಸು.

ಉಳಿದದ್ದು ಬಿಸಿಲಿನ ಪ್ರಶ್ನೆ. ಅಡಿಕೆ ಕೊಯ್ಲಿನ ಕಾಲದಲ್ಲಿ ಅಂಗಳದ ಬಿಸಿಲೆಲ್ಲ ಅಡಿಕೆಯ ಸ್ವತ್ತು! ಬೇಯಿಸಿದ ಅಡಿಕೆ ಹರಡಿರುವಲ್ಲಿ ಹೂವಿನ ಕುಂಡಕ್ಕೆ ಜಾಗ ಕೇಳುವ ಧೈರ್ಯ ಹೊಸ ಸೊಸೆಗೆ ಎಲ್ಲಿಂದ ಬರಬೇಕು? ಅದಕ್ಕೂ ಅತ್ತೆಯೇ ದಾರಿ ತೋರಿಸುತ್ತಾಳೆ. ದಿನವೂ ಹಂಡೆಯ ನೀರು ಕಾಯುವ ಬಚ್ಚಲೊಲೆಯ ಹಿಂಬದಿಯ ಗೋಡೆ ಇರುಳಿನಲ್ಲಿಯೂ ಬೆಚ್ಚಗಿರುತ್ತದೆ. ಕುಂಡ ಅದರ ಮಗ್ಗುಲಿಗೆ ಹೋಗುತ್ತದೆ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ 1848ರಲ್ಲಿ ಕಬ್ಬಿಣ, ಗಾಜುಗಳ ಅರಮನೆಯೊಂದನ್ನು ಕಟ್ಟಿ ಮುಗಿಸಿ, ಬಿಸಿನೀರಿನ ಕೊಳವೆಗಳನ್ನು ಹಾಯಿಸಿ ತಾಳೆಮರಗಳನ್ನು ಬದುಕಿಸಿದರು. ವರದಹಳ್ಳಿಯ ಮಲ್ಲಿಗೆಗೆ ಬಚ್ಚಲ ಗೋಡೆಯೇ ಆ ಅರಮನೆ.

ಹಾಗಾದರೆ ದತ್ತ ಜಯಂತಿಗೆ ಹೂವು? ಹಗಲು ಕಿರಿದಾದಾಗಲೇ ಅರಳುವ ಸೇವಂತಿಗೆಯಿದೆ. ಬೇಲಿಯ ತುಂಬ ಗೋರಟೆಯಿದೆ. ಚಳಿಯಲ್ಲಿ ಅರಳುವುದು ಅವುಗಳ ಸರದಿ. ಮಲಗಿದ ಗಿಡವನ್ನು ಎಬ್ಬಿಸಿ ಹೂವು ಕೇಳುವ ದೇವರು ಯಾವನೂ ಇರಲಾರ.

ಆದರೆ ಆಕೆಯ ಕಳವಳ ಹೂವಿನದಷ್ಟೇ ಅಲ್ಲ. ತವರಿನ ತಾಯಿ ದೂರವಾಣಿಯಲ್ಲಿ ಪ್ರತಿಸಲವೂ ತಪ್ಪದೆ ಕೇಳುತ್ತಾಳೆ: “ಮಲ್ಲಿಗೆ ಹೇಗಿದೆಯೇ?” ಕೇಳುತ್ತಿರುವುದು ಗಿಡವನ್ನಲ್ಲವೆಂದು ಇಬ್ಬರಿಗೂ ಗೊತ್ತು. ಹೊಸ ನೆಲ, ಹೊಸ ಚಳಿ, ಹೊಸ ಜನ; ಬೇರೂರುವುದಕ್ಕೆ ಹೆಣ್ಣಿಗೂ ಒಂದೆರಡು ಋತುಗಳ ಅವಕಾಶ ಬೇಕು. ಆ ಕಾಲದಲ್ಲಿ ಅವಳನ್ನು ಹೂ ಬಿಡೆಂದು ಒತ್ತಾಯಿಸದೆ, ಬೆಚ್ಚನೆಯ ಗೋಡೆಯ ಮಗ್ಗುಲಿನಲ್ಲಿ ಸುಮ್ಮನೆ ಇರಗೊಡುವ ಮನೆ ಪುಣ್ಯದ್ದು.

ಶಿವರಾತ್ರಿಯ ಹೊತ್ತಿಗೆ ಬಿಸಿಲು ಚುರುಕಾಗುತ್ತದೆ. ಬರಲಾದ ಕಡ್ಡಿಯ ಗೆಣ್ಣುಗಳಲ್ಲಿ ಹಸಿರು ಚುಕ್ಕೆಗಳು ಮೂಡುತ್ತವೆ. ಸೊಸೆಗಿಂತ ಮೊದಲು ಅದನ್ನು ಕಂಡವಳು ಅತ್ತೆ. “ಈಗ ಹಾಕು ಗೊಬ್ಬರ” ಎಂದು, ಬುಟ್ಟಿಯನ್ನು ತಾನೇ ತಂದಿಟ್ಟು ಒಳಗೆ ಹೋಗುತ್ತಾಳೆ.