ಬೀದರಕ್ಕೆ ಬಂದ ಪರದೇಶಿ

ಪರದೇಶಿ ಎಂಬ ಮಾತಿಗೆ ಕನ್ನಡದಲ್ಲಿ ಎರಡರ್ಥ. ಹೊರನಾಡಿನವನೆಂಬುದು ಒಂದು, ಹಿಂದುಮುಂದಿಲ್ಲದ ದಿಕ್ಕೇಡಿಯೆಂಬುದು ಮತ್ತೊಂದು. 1470ರ ಆಸುಪಾಸಿನಲ್ಲಿ, ವಾಸ್ಕೋ ಡ ಗಾಮನ ಹಡಗು ಕಲ್ಲಿಕೋಟೆಯನ್ನು ಮುಟ್ಟುವುದಕ್ಕೆ ಕಾಲು ಶತಮಾನಕ್ಕೂ ಹೆಚ್ಚು ಮೊದಲೇ, ಬೀದರದ ಪೇಟೆಗೆ ಕಾಲಿಟ್ಟ ಅಫನಾಸಿ ನಿಕಿತಿನನಿಗೆ ಈ ಎರಡು ಅರ್ಥಗಳೂ ಸಲ್ಲುತ್ತಿದ್ದುವು.

ರಷ್ಯದ ವೋಲ್ಗಾ ನದಿಯ ದಡದ ತ್ವೇರ್ ಪಟ್ಟಣದ ವರ್ತಕನಾತ. ಸರಕು ಹೇರಿಕೊಂಡು ನದಿಯ ಗುಂಟ ಹೊರಟವನನ್ನು ಅಸ್ತ್ರಖಾನಿನ ಬಳಿ ತಾತಾರರು ದೋಚಿದರು. ಜೊತೆಗಾರರು ದಿಕ್ಕಿಗೊಬ್ಬರಾದರು. ಈತ ಮಾತ್ರ ಬಾಕುವಿಗೆ ಹೋಗಿ, ಪರ್ಷಿಯವನ್ನು ದಾಟಿ, ಹೊರ್ಮುಜಿನ ರೇವಿನಿಂದ ಒಂದು ಕುದುರೆಯೊಡನೆ ಹಡಗು ಹತ್ತಿದನು. ದಖ್ಖಣದಲ್ಲಿ ಕುದುರೆಗೆ ಒಳ್ಳೆಯ ಬೆಲೆಯುಂಟೆಂದು ಯಾರೋ ಹೇಳಿದ್ದರು. ಆ ಒಂದು ಕುದುರೆಯೇ ಅವನ ಸರ್ವಸ್ವ.

ಕೊಂಕಣದ ಚೌಲಿನಲ್ಲಿ ಇಳಿದಾಗ ಬರಿದಲೆಯ, ಬರಿಮೈಯ ಜನರನ್ನು ಕಂಡು ಅವನು ಬೆರಗಾದನು. ಅವರೋ ಬಿಳಿಯ ಮನುಷ್ಯನನ್ನು ಕಂಡು ಬೆರಗಾಗಿ ಅವನ ಹಿಂದೆಯೇ ಗುಂಪುಗಟ್ಟಿ ನಡೆದರು. ನೋಡಲು ಬಂದವನೇ ನೋಟದ ವಸ್ತುವಾದುದನ್ನು ಅವನು ಸಿಟ್ಟಿಲ್ಲದೆ ಬರೆದಿಟ್ಟಿದ್ದಾನೆ. ಮುಂದೆ ಜುನ್ನರಿನಲ್ಲಿ ಒದಗಿದ್ದು ಬೇರೆಯೇ ಅನುಭವ. ಅಲ್ಲಿಯ ಖಾನನು ಕುದುರೆಯನ್ನು ಕಿತ್ತುಕೊಂಡು, ಮತ ಬದಲಿಸಿದರೆ ಕುದುರೆಯ ಜೊತೆಗೆ ಸಾವಿರ ಹೊನ್ನು ಕೊಡುವೆನೆಂದೂ, ಒಲ್ಲದಿದ್ದರೆ ಕುದುರೆಯೂ ಹೋಗಿ ಸಾವಿರ ಹೊನ್ನು ದಂಡವನ್ನೂ ತೆರಬೇಕೆಂದೂ ಹೇಳಿ ನಾಲ್ಕು ದಿನಗಳ ಗಡುವು ಕೊಟ್ಟನು. ಗಡುವು ತೀರುವ ಹೊತ್ತಿಗೆ ಖುರಾಸಾನದ ಮುಸಲ್ಮಾನ ಖೋಜಾ ಒಬ್ಬನು ಬಂದು, ಖಾನನೊಡನೆ ಮಾತಾಡಿ, ಕುದುರೆಯನ್ನೂ ಮಾನವನ್ನೂ ಉಳಿಸಿಕೊಟ್ಟನು. ಪರಸ್ಥಳದಲ್ಲಿ ಕಷ್ಟಕ್ಕಾದವನು ಮತ್ತೊಬ್ಬ ಪರಸ್ಥಳದವನೇ.

ಬೀದರ ಆಗ ಬಹಮನಿ ಸುಲ್ತಾನರ ರಾಜಧಾನಿ. ಇಂದು ಕೋಟೆಗೆ ಹೋದವರಿಗೆ ಮೊದಲು ಎದುರಾಗುವ ಶರ್ಜಾ ದರವಾಜೆ 1503ರದ್ದು. ಮುತ್ತಿನಚಿಪ್ಪು ಕೂರಿಸಿದ ರಂಗೀನ್ ಮಹಲು ಇಂದಿನ ರೂಪ ತಳೆದುದು ಅದಕ್ಕೂ ಈಚೆಗೆ. ನಿಕಿತಿನನು ಇವನ್ನು ಕಂಡವನಲ್ಲ. ಆದರೆ ಕೆಂಗಲ್ಲಿನ ಬಂಡೆಯನ್ನೇ ಕಡಿದು ತೋಡಿದ ಮೂರು ಸಾಲಿನ ಕಂದಕವನ್ನು ನೋಡಿದರೆ, ಹೊರಗೆ ನಿಂತ ಅನ್ಯನಿಗೆ ಆ ಕೋಟೆ ಹೇಗೆ ಕಂಡಿರಬೇಕೆಂಬುದು ಈಗಲೂ ಮನಸ್ಸಿಗೆ ಬರುತ್ತದೆ. ಅರಮನೆಗೆ ಏಳು ಬಾಗಿಲು; ಒಂದೊಂದರಲ್ಲಿಯೂ ನೂರು ಕಾವಲುಗಾರರು, ನೂರು ಮಂದಿ ಹಿಂದೂ ಬರೆಹಗಾರರು. ಒಳಗೆ ಹೋದವರು ಯಾರು, ಹೊರಗೆ ಬಂದವರು ಯಾರು ಎಂದು ಬರೆದಿಡುವುದೇ ಅವರ ಕೆಲಸ. ಪರಕೀಯರಿಗಂತೂ ಪ್ರವೇಶವಿಲ್ಲ. ಬಕ್ರೀದಿನ ಮೆರವಣಿಗೆಯನ್ನು ಮಾತ್ರ ಅವನು ಕಣ್ತುಂಬ ನೋಡಿದನು: ಉಕ್ಕಿನ ಕವಚ ತೊಟ್ಟ ಮುನ್ನೂರು ಆನೆ, ಅವುಗಳ ನಡುವೆ ಚಿನ್ನದ ಜೀನಿನ ಮೇಲೆ ಇಪ್ಪತ್ತರ ಹರೆಯದ ಸುಲ್ತಾನ. ಅದೇ ಊರಿನ ಬೀದಿಗಳಲ್ಲಿ ಎರಡು ಮಾರುದ್ದದ ಹಾವುಗಳು ಹರಿದಾಡುತ್ತವೆಂದೂ ಬರೆದನು. ಹೊಸಬನ ಕಣ್ಣಿಗೆ ಆನೆಯೂ ಒಂದೇ, ಹಾವೂ ಒಂದೇ.

ಆದರೆ ಅವನ ಕಣ್ಣು ಬರಿಯ ಬೆಡಗಿಗೆ ಮರುಳಾದುದಲ್ಲ. ಸರದಾರರು ಬೆಳ್ಳಿಯ ಪಲ್ಲಕ್ಕಿಯಲ್ಲಿ ಮೆರೆಯುವರೆಂದು ಹೇಳುವಾಗಲೇ, ಹಳ್ಳಿಗರು ಕಡುಬಡವರೆಂದೂ ಹೇಳಿದನು. ಆಸ್ಥಾನದ ಎಷ್ಟೋ ಇತಿಹಾಸಕಾರರು ಬರೆಯದೆ ಬಿಟ್ಟ ಮಾತಿದು. (ಹೆಂಗಸರ ವಿಷಯದಲ್ಲಿ ಅವನು ಬರೆದುದರಲ್ಲಿ ಮಾತ್ರ ಪೇಟೆಯ ಹರಟೆಯೇ ಹೆಚ್ಚು, ಅದನ್ನು ನಂಬಬೇಕಾಗಿಲ್ಲ.)

ರಾಜ್ಯದ ಸೂತ್ರ ಹಿಡಿದಿದ್ದ ಮಹಮೂದ್ ಗವಾನನೂ ಹೊರಗಿನವನೇ. ಪರ್ಷಿಯದ ಗೀಲಾನಿನಿಂದ ವ್ಯಾಪಾರಕ್ಕೆಂದು ಬಂದು ಮಂತ್ರಿಯಾದವನು. 'ವರ್ತಕರ ಒಡೆಯ'ನೆಂಬರ್ಥದ ಬಿರುದನ್ನು ಹೊತ್ತವನು. ಅವನು 1472ರಲ್ಲಿ ಕಟ್ಟಿಸಿದ ಮದರಸೆಯ ಒಂದು ಮಿನಾರು ಇಂದಿಗೂ ನೀಲಿ ಹಂಚಿನ ಚೂರುಗಳನ್ನು ಹೊತ್ತು ಬೀದರದಲ್ಲಿ ನಿಂತಿದೆ. ದಖ್ಖಣಿಗಳು ಮತ್ತು ಪರದೇಶಿಗಳ ಕಲಹದಲ್ಲಿ, ಸುಳ್ಳು ಪತ್ರವೊಂದನ್ನು ನಂಬಿದ ಸುಲ್ತಾನನು 1481ರಲ್ಲಿ ಅವನ ತಲೆ ತೆಗೆಸಿದನು. ಹೊರಗಿನವನು ಮೇಲೇರಬಲ್ಲ ಊರು ಅದು. ಏರಿದವನು ಕ್ಷೇಮವಾಗಿ ಉಳಿಯಬಲ್ಲ ಊರಲ್ಲ.

ನಿಕಿತಿನನು ಏರಲೂ ಇಲ್ಲ, ಗಳಿಸಲೂ ಇಲ್ಲ. ಕಡಲೆ, ಎಣ್ಣೆ ಸಕ್ಕರೆ ಬೆರೆಸಿದ ಕಿಚಡಿ ತಿನ್ನುವ ನಾಡಿನ ಕುದುರೆಗಳ ನಡುವೆ ತನ್ನದನ್ನು ವರುಷವೊಂದು ಸಾಕಿ ಬೀದರದಲ್ಲಿ ಮಾರಿದನು. ತನ್ನ ನಾಡಿಗೆ ಕೊಂಡೊಯ್ಯಬಹುದಾದ ಸರಕು ಇಲ್ಲಿಲ್ಲವೆಂದು, ಆಸೆ ಹುಟ್ಟಿಸಿ ಕಳುಹಿದವರನ್ನು ಚೆನ್ನಾಗಿ ಬೈದುಕೊಂಡನು. ಆಳಂದದ ಉರುಸಿನ ಜಾತ್ರೆಗೂ ಹೋದನು. ಇಪ್ಪತ್ತು ಸಾವಿರದವರೆಗೆ ಕುದುರೆ ಸೇರುವ ಜಾತ್ರೆ. ಅಲ್ಲಿ ಕೇಳಿದ್ದು ಗೂಗೆಯ ಕಥೆ: ಅದು ಯಾವ ಮನೆಯ ಮೇಲೆ ಕುಳಿತು ಕೂಗುವುದೋ ಆ ಮನೆಯಲ್ಲಿ ಸಾವು. ನಮ್ಮ ಅಜ್ಜಿಯರು ಹೇಳುತ್ತಿದ್ದುದನ್ನೇ ಐದೂವರೆ ಶತಮಾನದ ಹಿಂದೆ ರಷ್ಯದವನೊಬ್ಬ ಬರೆದುಕೊಂಡನು.

ಪೇಟೆಯಲ್ಲಿ ಅವನ ಹೆಸರು ಖೋಜಾ ಯೂಸುಫ್ ಖುರಾಸಾನಿ. ಆ ಹೆಸರು ಇರುವ ತನಕ ಹಿಂದೂಗಳು ಅವನ ಮುಂದೆ ಊಟದ ಗಡಿಗೆಯ ಮುಚ್ಚಳವನ್ನೂ ತೆರೆಯಲಿಲ್ಲ. ಬೀದರದಲ್ಲಿ ಬಳಕೆ ಬೆಳೆದ ಮೇಲೆ ಒಂದು ದಿನ ತಾನು ಮುಸಲ್ಮಾನನಲ್ಲ, ಕ್ರೈಸ್ತ, ಹೆಸರು ಅಫನಾಸಿ ಎಂದು ಅವರಿಗೆ ಹೇಳಿಬಿಟ್ಟನು. ಜುನ್ನರಿನ ಗಡುವನ್ನು ನೆನೆದರೆ ಇದು ಸಣ್ಣ ಧೈರ್ಯವಲ್ಲ. ಅಂದಿನಿಂದ ಅವರು ಊಟವನ್ನಾಗಲಿ, ವ್ಯಾಪಾರವನ್ನಾಗಲಿ, ಪೂಜೆಯನ್ನಾಗಲಿ, ಹೆಂಡಿರನ್ನಾಗಲಿ ಅವನಿಂದ ಮರೆಮಾಡಲಿಲ್ಲ. ಶಿವರಾತ್ರಿಗೆ ತಮ್ಮೊಡನೆ ಶ್ರೀಶೈಲಕ್ಕೂ ಕರೆದೊಯ್ದರು. ಬೀದರದಿಂದ ತಿಂಗಳ ದಾರಿ. ಕರಿಗಲ್ಲಿನ ನಂದಿಯ ಗೊರಸಿಗೆ ಜನ ಮುತ್ತಿಟ್ಟು ಹೂವೆರಚುವುದನ್ನು ನೋಡಿ, ಇದು ಇವರ ಜೆರೂಸಲೇಮ್ ಎಂದುಕೊಂಡನು. ಉತ್ತರ ಕರ್ನಾಟಕದಿಂದ ಇಂದಿಗೂ ಮಲ್ಲಯ್ಯನ ದರ್ಶನಕ್ಕೆ ಕಾಲುನಡೆಯಲ್ಲಿ ಹೋಗುವವರಿಗೆ ಇಂಥದೊಬ್ಬ ಜೊತೆಗಾರ ಹಿಂದೆ ಇದ್ದನೆಂಬುದು ತಿಳಿದಿರಲಾರದು.

ಇತರರ ಹಬ್ಬಗಳನ್ನೆಲ್ಲ ಕಂಡವನಿಗೆ ತನ್ನ ಹಬ್ಬ ಯಾವಾಗಲೆಂಬುದೇ ಮರೆತುಹೋಯಿತು. ಧರ್ಮಗ್ರಂಥಗಳು ವೋಲ್ಗಾದ ದರೋಡೆಯಲ್ಲಿಯೇ ಹೋಗಿದ್ದುವು. ಈಸ್ಟರ್ ಯಾವ ದಿನವೆಂದು ಚಿಹ್ನೆಗಳಿಂದ ಊಹಿಸಿ ಉಪವಾಸ ಹಿಡಿದನು. ಮುಸಲ್ಮಾನರ ರೋಜಾ ಬಂದಾಗ ಅವರೊಡನೆಯೂ ಉಪವಾಸವಿದ್ದನು. ಒಂದು ಮಾಂಸವನ್ನೂ ಮುಟ್ಟದೆ, ರೊಟ್ಟಿ ನೀರಿನಲ್ಲಿ ದಿನ ಕಳೆದು ಅತ್ತುದನ್ನು ಮುಚ್ಚಿಡದೆ ಬರೆದಿದ್ದಾನೆ. ಬರೆಯುತ್ತ ಬರೆಯುತ್ತ ಅವನ ರಷ್ಯನ್ ಭಾಷೆಯೊಳಗೆ ಪೇಟೆಯಲ್ಲಿ ಕಲಿತ ತುರ್ಕಿ, ಪಾರಸಿ ಮಾತುಗಳು ನುಗ್ಗಿದುವು. ತನ್ನ ನಾಡಿನಂಥ ನಾಡು ಮತ್ತೊಂದಿಲ್ಲ, ಆದರೆ ಅಲ್ಲಿಯ ದೊರೆಗಳಲ್ಲಿ ನ್ಯಾಯವಿಲ್ಲ ಎಂಬ ಮಾತನ್ನು ಅವನು ಬರೆದುದು ತುರ್ಕಿಯಲ್ಲಿಯೇ. ಊರಿಗೆ ಮರಳಿದ ಮೇಲೆ ಆ ಸಾಲನ್ನು ಯಾರಾದರೂ ಓದಬಹುದೆಂಬ ಅಂಜಿಕೆ ಇದ್ದೀತು.

ಮರಳುವ ಯೋಗವಿರಲಿಲ್ಲ. ದಾಭೋಲದಲ್ಲಿ ಹಡಗು ಹತ್ತಿ, ಹೊರ್ಮುಜ್, ತಬ್ರೀಜ್, ಕಪ್ಪು ಸಮುದ್ರಗಳನ್ನು ಹಾದು, ತ್ವೇರನ್ನು ಸೇರುವ ಮೊದಲೇ ಸ್ಮೊಲೆನ್ಸ್ಕಿನ ಹತ್ತಿರ ತೀರಿಕೊಂಡನು. ಅವನ ಬರಹವನ್ನು ವರ್ತಕರು 1475ರಲ್ಲಿ ಮಾಸ್ಕೋಗೆ ತಂದು ಅಲ್ಲಿಯ ದೊರೆಯ ಅಧಿಕಾರಿಗೆ ಒಪ್ಪಿಸಿದರು.