ಲೆಕ್ಕದ ಪುಸ್ತಕದಲ್ಲಿ ಉಳಿದವರು

ಮನೆತನದ ಚರಿತ್ರೆ ಬರೆಯಹೊರಟವರು ಮೊದಲು ಅಟ್ಟದ ಮೇಲಿನ ಪೆಟ್ಟಿಗೆಯನ್ನು ಇಳಿಸುತ್ತಾರೆ. ಅದರಲ್ಲಿ ಕ್ರಯಪತ್ರವಿರುತ್ತದೆ, ಸಾಲದ ಚೀಟಿಗಳಿರುತ್ತವೆ, ಮದುವೆ ಖರ್ಚಿನ ಪಟ್ಟಿ ಇರುತ್ತದೆ. ಮುತ್ತಜ್ಜಿಯ ಹೆಸರು ಮಾತ್ರ ಸಿಕ್ಕುವುದಿಲ್ಲ. ಊರು ಬಿಟ್ಟು ಬಂದ ನಮ್ಮಂಥವರಿಗೆ ಇದು ಹೊಸ ಅನುಭವವಲ್ಲ. ಆದುದರಿಂದಲೋ ಏನೋ, ವೆಸ್ಟ್ ಇಂಡೀಸಿನ ಒಂದು ವರ್ತಕ ಮನೆತನದ ವೃತ್ತಾಂತವನ್ನು ಓದತೊಡಗಿದ ನಾವು, ಯಜಮಾನರನ್ನು ಅಲ್ಲಿಯೇ ಬಿಟ್ಟು ಅವರ ಜಮಾಖರ್ಚಿನ ಸಾಲುಗಳಲ್ಲಿ ಸಿಕ್ಕಿಕೊಂಡವರ ಬೆನ್ನು ಹತ್ತಿದೆವು.

ಆ ಮನೆತನ ಪಿನ್ನಿಯವರದು. 1685ರಲ್ಲಿ ಇಂಗ್ಲೆಂಡಿನ ದೊರೆಯ ಮೇಲೆ ಮನ್ಮತ್ ಡ್ಯೂಕನು ದಂಗೆಯೆದ್ದಾಗ ಅವನೊಡನೆ ಸೇರಿದ್ದ ಅಜರಾಯಾ ಪಿನ್ನಿಗೆ ಗಲ್ಲಿನ ಶಿಕ್ಷೆಯಾಯಿತು. ಸೋದರಿ 65 ಪೌಂಡು ತೆತ್ತು ಜೀವ ಉಳಿಸಿದಳು. ಗಡೀಪಾರಾದವನು ನೆವಿಸ್ ಎಂಬ ಪುಟ್ಟ ದ್ವೀಪ ಸೇರಿದ. ಹೀಗೆ ತಾನೇ ಹಣಕ್ಕೆ ಬಿಡುಗಡೆಯಾದವನ ಮುಂದಿನವರು ಕಬ್ಬಿನ ತೋಟಗಳ ಒಡೆಯರಾಗಿ ಮನುಷ್ಯರನ್ನು ಹಣಕ್ಕೆ ಕೊಂಡರು! ಸಕ್ಕರೆಗೆ ಇಂಗ್ಲಿಷರು ಹೇಳುವ ಹೆಸರು ನಮ್ಮ ಶರ್ಕರೆಯಿಂದಲೇ ಹೋದದ್ದು. ಆದರೆ ಆ ದ್ವೀಪಗಳಲ್ಲಿ ಅದರ ರುಚಿಯೇ ಬೇರೆ.

ಈ ವಂಶದ ಜಾನ್ ಪ್ರೆಟರ್ ಪಿನ್ನಿ (1740-1818) ಬಹಳ ಅಚ್ಚುಕಟ್ಟಿನ ಮನುಷ್ಯ. ಬರೆದ ಕಾಗದಗಳಿಗೆಲ್ಲ ನಕಲು ಇಟ್ಟ. ಕಾಸುಕಾಸಿಗೂ ಲೆಕ್ಕ ಇಟ್ಟ. ಆ ದಫ್ತರವೆಲ್ಲ ಈಗ ಬ್ರಿಸ್ಟಲ್ ವಿಶ್ವವಿದ್ಯಾನಿಲಯದಲ್ಲಿದೆ. ಮಾನವರ ಮಾರಾಟವನ್ನು ಮೊದಲು ಕಂಡಾಗ ತನ್ನ ಮನಸ್ಸು ಕಲಕಿತೆಂದು ಅವನೇ ಬರೆದಿದ್ದಾನೆ. ಬೆನ್ನಿಗೇ, ನಮ್ಮ ಉಪಯೋಗಕ್ಕೆಂದೇ ದೇವರು ಇವರನ್ನು ಸೃಷ್ಟಿಸಿರಬೇಕೆಂದು ಸಮಾಧಾನವನ್ನೂ ಹೇಳಿಕೊಂಡಿದ್ದಾನೆ. ಕೆಟ್ಟದ್ದೆಂದು ತಿಳಿಯದೆ ಮಾಡಿದನೆಂದು ಅವನ ಪರವಾಗಿ ವಾದಿಸಲು ನಮಗೆ ಅವನ ಕಾಗದವೇ ಅಡ್ಡ ಬರುತ್ತದೆ.

1765ರಲ್ಲಿ ಅವನು ಪೆರೊ ಎಂಬ ಹನ್ನೆರಡು ವರ್ಷದ ಹುಡುಗನನ್ನೂ, ಅವನ ಸೋದರಿಯರಾದ ನ್ಯಾನ್ಸಿ, ಶೀಬಾ ಇಬ್ಬರನ್ನೂ ಕೊಂಡ. ಪೆರೊ ಕ್ಷೌರ ಕಲಿತ, ಹಲ್ಲು ಕೀಳುವುದನ್ನು ಕಲಿತ. 1783ರಲ್ಲಿ ಪಿನ್ನಿ ದ್ವೀಪ ಬಿಟ್ಟು ಇಂಗ್ಲೆಂಡಿಗೆ ಹೊರಟಾಗ ಪೆರೊನನ್ನೂ ಫ್ಯಾನಿ ಕೋಕರ್ ಎಂಬ ದಾದಿಯನ್ನೂ ಸಂಗಡ ಕರೆದೊಯ್ದ. ಫ್ಯಾನಿಗೆ 1778ರಲ್ಲೇ ಬಿಡುಗಡೆಯಾಗಿತ್ತು. ಮೂವತ್ತೆರಡು ವರ್ಷ ಸೇವೆ ಮಾಡಿದ ಪೆರೊನಿಗೆ ಆಗಲೇ ಇಲ್ಲ. 1798ರಲ್ಲಿ ಆಳಾಗಿಯೇ ತೀರಿಕೊಂಡ. ಯಜಮಾನನ ಬ್ರಿಸ್ಟಲ್ ಮನೆ ಈಗ ವಸ್ತುಸಂಗ್ರಹಾಲಯ. ಅಲ್ಲಿನ ಬಂದರಿನ ಒಂದು ಕಾಲುಸೇತುವೆಗೆ 1999ರಲ್ಲಿ ಪೆರೊನ ಹೆಸರಿಟ್ಟರು. ಕ್ರಿಸ್ಟೀನ್ ಐಕೆಲ್ಮನ್, ಡೇವಿಡ್ ಸ್ಮಾಲ್ ಎಂಬ ಸಂಶೋಧಕರಿಬ್ಬರು ಕಾಗದಗಳನ್ನು ಕೆದಕಿ ಅವನ ಜೀವನವನ್ನೇ ಪುಸ್ತಕ ಮಾಡಿದ್ದಾರೆ.

ಇಷ್ಟಾದರೂ ಅವನ ಸ್ವಂತ ಮಾತು ಇಂಥದೆಂದು ಹೇಳಲು ಆಧಾರವಾವುದು? ಕೊಂಡವನ ಲೇಖನಿಯೇ. ಆ ಮನುಷ್ಯ ಸೋಮಾರಿಯಾಗಿದ್ದು ಲೆಕ್ಕ ಬರೆಯದೆ ಹೋಗಿದ್ದರೆ ನ್ಯಾನ್ಸಿ, ಶೀಬಾರ ಹೆಸರೂ ಅಳಿಸಿಹೋಗುತ್ತಿತ್ತು. ಅವನಿಗೆ ಕೃತಜ್ಞರಾಗಿರಬೇಕೆ? ನಮಗಂತೂ ಮನಸ್ಸು ಬರಲಿಲ್ಲ.

ಪಿನ್ನಿಯವರು ತೋಟ ಮಾರಿದ ಮೇಲೆ ಆಳುಗಳ ಸುದ್ದಿಗೆ ಬೇರೆ ಕಾಗದಗಳನ್ನು ಹುಡುಕಬೇಕು. 1817ರಿಂದ ನೆವಿಸಿನಲ್ಲಿ ಗುಲಾಮರ ನೋಂದಣಿ ನಡೆಯಿತು. 1833ರ ಕಾನೂನು ಗುಲಾಮಗಿರಿಯನ್ನು ತೆಗೆದುಹಾಕಿ, ಎರಡು ಕೋಟಿ ಪೌಂಡು ಪರಿಹಾರವನ್ನು ಒಡೆಯರಿಗೆ ಗೊತ್ತುಮಾಡಿತು. ದುಡಿದವರಿಗೆ ಒಂದು ಪೆನ್ನಿಯೂ ಇಲ್ಲ. ಆ ನೋಂದಣಿ ಪುಸ್ತಕಗಳೂ ಒಡೆಯರ ಅರ್ಜಿಗಳೂ ಲಂಡನ್ನಿನ ಕ್ಯೂ ಬಡಾವಣೆಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ನೆವಿಸಿನವರು ಇಂದು ತಮ್ಮ ಹಿರಿಯರನ್ನು ಹುಡುಕಬೇಕಾದರೆ ಅವನ್ನೇ ತೆರೆಯಬೇಕು.