ದೀರ್ಘದ್ವೀಪದ ಬಿಡಾರ

ಭೂಪಟದಲ್ಲಿ ಮಾಲ್ಡೀವ್ಸ್ ಎಂದು ಕಾಣುವ ದೇಶವು ಭರತಖಂಡದ ನೈಋತ್ಯಕ್ಕೆ ಕಡಲಿನಲ್ಲಿ ಹರಡಿರುವ ಸುಮಾರು 1,200 ಹವಳದ ದ್ವೀಪಗಳ ಮಾಲೆ. ಜನವಸತಿಯುಳ್ಳವು ಅವುಗಳಲ್ಲಿ ಸುಮಾರು 200 ಮಾತ್ರ. 1972ರಲ್ಲಿ ಅಲ್ಲಿ ಮೊದಲ ವಿಹಾರಧಾಮವು ತೆರೆಯಿತು. ಅನಂತರ ಬಹುಕಾಲ ಯಾತ್ರಿಕರನ್ನು ಜನರಿಲ್ಲದ ದ್ವೀಪಗಳಲ್ಲಿಯೇ ಇಳಿಸುತ್ತಿದ್ದರು. ಒಂದು ದ್ವೀಪಕ್ಕೆ ಒಂದೇ ಧಾಮ. ಬಂದವನು ಉಂಡು, ಈಜಿ, ಮಲಗಿ, ಆ ದೇಶದ ಒಂದು ಮನೆಯ ಹೊಸ್ತಿಲನ್ನೂ ತುಳಿಯದೆ ಹಿಂದಿರುಗುವನು. 2009ರಿಂದೀಚೆಗೆ ಊರಿನವರೇ ತಮ್ಮ ಊರುಗಳಲ್ಲಿ ವಸತಿಗೃಹಗಳನ್ನು ನಡೆಸುವಂತಾದುದರಿಂದ, ನಮ್ಮಂತಹ ಪಿಂಚಣಿದಾರರಿಗೂ ಆ ಯಾತ್ರೆ ಕೈಗೆಟುಕಿತು.

ನಾವೂ ನಮ್ಮ ಮನೆಯವರೂ ರಾಜಧಾನಿಯಾದ ಮಾಲೆಯಿಂದ ಯಂತ್ರದ ದೋಣಿಯಲ್ಲಿ ಸುಮಾರು ಎರಡು ತಾಸು ನೆನೆಯುತ್ತ ಹೋಗಿ ದಿಗುರಾ ದ್ವೀಪವನ್ನು ಮುಟ್ಟಿದೆವು. ಅಲ್ಲಿನ ದಿವೇಹಿ ಭಾಷೆಯಲ್ಲಿ ‘ದಿಗು’ ಎಂದರೆ ಉದ್ದವಾದುದು, ‘ರಾ’ ಎಂದರೆ ದ್ವೀಪ. ‘ದಿಗು’ವಿನಲ್ಲಿ ನಮ್ಮ ‘ದೀರ್ಘ’ವನ್ನು ಕಂಡು ನಾವು ಹಿಗ್ಗಿದೆವು, ಮನೆಯವರು ಅದನ್ನು ಕಿವಿಗೂ ಹಾಕಿಕೊಳ್ಳಲಿಲ್ಲ, ಅವರಿಗೆ ಆಗ ಬೇಕಾಗಿದ್ದುದು ಒಂದು ಲೋಟ ಕಾಫಿ. ಬಿಡಾರದ ಜಗುಲಿಯಲ್ಲಿ ಒಂದು ತೂಗುಮಂಚವಿದ್ದಿತು. ಅದರ ಹೆಸರು ‘ಉಂದೋಲಿ’ ಎಂದು ತಿಳಿದು ‘ಆಂದೋಲಿಕೆ’ಯನ್ನು ನೆನೆದೆವಾದರೂ, ಈ ಸಾರಿ ಬಾಯಿಬಿಡಲಿಲ್ಲ.

ಆ ಸಂಜೆ ಒಂದು ತಪ್ಪಾಯಿತು. ಮೀನಿಲ್ಲದ ಅಡಿಗೆ ಅಲ್ಲಿ ಅಪರೂಪ. ಬಡಿಸಿದ ತಟ್ಟೆಯನ್ನು ಮೆಲ್ಲನೆ ಸರಿಸಿ, ನಾವು ಬಾಳೆಹಣ್ಣು ತಿಂದು ಎದ್ದೆವು. ಮನೆಯೊಡತಿಯ ಮುಖ ಬಾಡಿತು. ಮುಂಚೆಯೇ ಬರೆದು ತಿಳಿಸಬೇಕಾಗಿದ್ದಿತು, ತಿಳಿಸಿರಲಿಲ್ಲ. ಮರುದಿನ ಬೆಳಗ್ಗೆ, ಹೆಂಗಸರು ಕಡ್ಡಿಪೊರಕೆಗಳಿಂದ ಬೀದಿಯ ಬಿಳಿಯ ಮರಳನ್ನು ಗುಡಿಸುತ್ತಿರುವಾಗಲೇ, ನಮ್ಮ ಮನೆಯವರು ಅಡಿಗೆಮನೆಯನ್ನು ಹೊಕ್ಕರು. ಇಬ್ಬರಿಗೂ ಬರುತ್ತಿದ್ದುದು ಚಲಚ್ಚಿತ್ರದಿಂದ ಕಲಿತ ನಾಲ್ಕು ಹಿಂದೀ ಮಾತು. ಅಲ್ಲಿನವರು ಬೆಳಗಿನ ಊಟಕ್ಕೆ ಮೀನು, ತೆಂಗಿನತುರಿ, ಈರುಳ್ಳಿ, ಮೆಣಸಿನಕಾಯಿ, ನಿಂಬೆರಸಗಳನ್ನು ಕಿವುಚಿ ‘ಮಸ್ ಹುನಿ’ ಮಾಡಿ, ‘ರೋಶಿ’ ಎಂಬ ರೊಟ್ಟಿಯೊಡನೆ ತಿನ್ನುವರು. ನಮಗಾಗಿ ಬೇರೆ ಪಾತ್ರೆಯಲ್ಲಿ ಮೀನೊಂದನ್ನು ಬಿಟ್ಟು ಉಳಿದುದೆಲ್ಲವೂ ಕಲಸಲ್ಪಟ್ಟಿತು. ಐದು ದಿನವೂ ಅದನ್ನೇ ತಿಂದೆವು, ಬೇಸರವಾಗಲಿಲ್ಲ.

ಅಲ್ಲಿನ ಜನರು ಮುಸಲ್ಮಾನರು. ಊರಿನೊಳಗೆ ಮದ್ಯವಿಲ್ಲ, ಈಜುಡುಪಿನವರಿಗೆ ಪ್ರತ್ಯೇಕವಾದ ತೀರವುಂಟು. ಆದರೂ ಒಂದು ಮಧ್ಯಾಹ್ನ ಪರದೇಶದ ತರುಣನೊಬ್ಬನು ಬರಿಮೈಯಲ್ಲಿ ಮಸೀದಿಯ ಮುಂದೆಯೇ ನಡೆದುಹೋದನು. ನಮ್ಮ ಯಜಮಾನನು ತಲೆತಗ್ಗಿಸಿ ನಿಂತನು. ‘ಹೇಳಿದರೆ ಅವರಿಗೆ ನೋವು, ಹೇಳದಿದ್ದರೆ ನಮ್ಮ ಹಿರಿಯರಿಗೆ ನೋವು. ನಿಮ್ಮ ಊರಿನಲ್ಲಾದರೆ ಏನು ಮಾಡುವಿರಿ?’ ಎಂದು ರಾತ್ರಿ ನಮ್ಮನ್ನು ಕೇಳಿದನು. ಮೂವತ್ತು ವರ್ಷ ಪಾಠ ಹೇಳಿದ ನಮಗೆ ಉತ್ತರ ಹೊಳೆಯಲಿಲ್ಲ. ವಿಹಾರಧಾಮಕ್ಕೆ ಹೋದವನಿಗೆ ಈ ಪ್ರಶ್ನೆ ಎದುರಾಗುವುದೇ ಇಲ್ಲ. ಅಲ್ಲಿ ನೋಯಲು ನೆರೆಹೊರೆಯಿಲ್ಲ.

ತಿಥಿಯನ್ನು ಗೊತ್ತುಮಾಡದೆ ಬರುವವನೇ ಅತಿಥಿ ಎಂದು ಶಾಲೆಯಲ್ಲಿ ಹೇಳಿಕೊಡುತ್ತಿದ್ದೆವು. ಎರಡು ತಿಂಗಳು ಮುಂಚೆಯೇ ದಿನವನ್ನೂ ಬೆಲೆಯನ್ನೂ ಗೊತ್ತುಮಾಡಿಕೊಂಡು ಬಂದ ನಾವು ಏನಾದೆವೋ ತಿಳಿಯದು. ಹೊರಡುವ ದಿನ ಮನೆಯೊಡತಿಯು ದೀವಿಹಲಸಿನ ಹಪ್ಪಳದಂತಹ ಕರಿದ ಚೂರುಗಳ ಪೊಟ್ಟಣವೊಂದನ್ನು ನಮ್ಮ ಮನೆಯವರ ಕೈಗಿತ್ತಳು. ಅದರ ಬೆಲೆಯೆಷ್ಟೆಂದು ನಾವು ಕೇಳಿಬಿಟ್ಟೆವು. ದೋಣಿಯು ಮಾಲೆಯನ್ನು ಸೇರುವವರೆಗೂ ನಮ್ಮ ಮನೆಯವರು ನಮ್ಮೊಡನೆ ಮಾತನಾಡಲಿಲ್ಲ.